ಹಲ್ಲು ಕಡಿಯುವ ಮರಿ

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಪತ್ರ ಮೂರು ಸಲ ಓದಿದೆ. ಹೊಸ ಗೂಡು, ಮೊಲದ ಮರಿಗಳ ಲೆಕ್ಕ, ತೂಕ ಎಲ್ಲ ಬರೆದಿದ್ದೀಯ, ಖುಷಿ ಆಯಿತು. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ಒಂದು ಮರಿ ಮಾತ್ರ ಮೂಲೆಯಲ್ಲಿ ಮುದುರಿ ಕೂತಿದೆ, ಹಲ್ಲು ಕಡೀತಾ ಇದೆ, ಉಳಿದವು ಚೆನ್ನಾಗಿ ತಿಂತಿವೆ' ಅಂತ, ಅದಾದ ಮೇಲೆ ನನಗೆ ಊಟ ಸೇರಲಿಲ್ಲ. ಫೋನ್ ಮಾಡಿ ಕೂಡಲೇ ಡಾಕ್ಟರಿಗೆ ತೋರಿಸು ಅಂದೆ. ನೀನು ಹೂಂ ಅಂದೆ. ಅದಕ್ಕಿಂತ ಜಾಸ್ತಿ ಫೋನಿನಲ್ಲಿ ಬಾಯಿಗೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಸದ್ದು ನನಗೆ ಗೊತ್ತು. ತಲೆ ಸವರಿದಾಗ ಮೊಲ ಸುಖಕ್ಕೆ ಮೆಲ್ಲಗೆ ಹಲ್ಲು ಮಸೆಯುತ್ತದೆ, ಅದು ಬೇರೆ. ನೋವಿಗೆ ಕಡಿಯುವುದು ಗಟ್ಟಿಯಾಗಿ, ಬಿಟ್ಟು ಬಿಟ್ಟು. ರಾತ್ರಿ ಎಲ್ಲ ಮಲಗಿದ ಮೇಲೆ ಗೂಡಿಗೆ ಕಿವಿ ಕೊಟ್ಟರೆ ಮರಳಿನ ಮೇಲೆ ಚಪ್ಪಲಿ ಎಳೆದ ಹಾಗೆ ಕೇಳುತ್ತದೆ.

ಹಿಂದೆ ನಮ್ಮ ಮೊಲದ ಮರಿಗಳು ಸತ್ತ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದನ್ನು ಮಾತ್ರ ಹೇಳುತ್ತೇನೆ. ಆ ಮರಿಗಳನ್ನು 28 ದಿನಕ್ಕೇ ತಾಯಿಯಿಂದ ಬೇರೆ ಮಾಡಿದ್ದೆ. ಬೇಗ 2 ಕಿಲೋ ಮುಟ್ಟಿಸಬೇಕು ಅನ್ನುವ ಹಟ ನನಗೆ. ಒಣಹುಲ್ಲು ತಿಂದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ ಅಂದುಕೊಂಡು ಹುಲ್ಲು ಕಮ್ಮಿ ಮಾಡಿದೆ. ಮೆಕ್ಕೆಜೋಳದ ನುಚ್ಚು ಬಟ್ಟಲು ತುಂಬಾ ಸುರಿದೆ. ಮುಗಿಬಿದ್ದು ತಿಂದವು. ದಿನಾ ತಕ್ಕಡಿಯಲ್ಲಿ ಇಟ್ಟು ನೋಟ್ ಪುಸ್ತಕದಲ್ಲಿ ತೂಕ ಬರೆಯುತ್ತಿದ್ದೆ, ನಿನ್ನ ಹಾಗೇ. ಒಂದು ವಾರ ಅಂಕಿ ಏರುತ್ತಲೇ ಹೋಯಿತು.

ಮೊದಲು ಸತ್ತದ್ದು ಎಲ್ಲಕ್ಕಿಂತ ದಪ್ಪ ಇದ್ದ ಮರಿ. ಅದಕ್ಕೇ ನಿನ್ನ 'ಉಳಿದವು ಚೆನ್ನಾಗಿ ತಿಂತಿವೆ' ಅನ್ನುವ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ಎತ್ತಿಕೊಂಡರೆ ಹೊಟ್ಟೆ ನೀರು ತುಂಬಿದ ಚೀಲದ ಹಾಗೆ ತುಳುಕುತ್ತಿತ್ತು. ಬಾಲದ ಕೆಳಗೆ ಲೋಳೆ. ನಾಲ್ಕು ದಿನದಲ್ಲಿ ಹನ್ನೊಂದು ಹೋದವು.

ಆವತ್ತು ನಿಮ್ಮ ದೊಡ್ಡಮ್ಮನನ್ನು ಬೈದೆ. 'ನೀನು ಮಂಜು ಬಿದ್ದ ಹಸಿ ಹುಲ್ಲು ಹಾಕಿದೆ, ಅದಕ್ಕೇ ಹೀಗಾಯಿತು' ಅಂತ ಎಲ್ಲರ ಮುಂದೆ ಹೇಳಿದೆ. ಅವಳು ಸುಮ್ಮನಿದ್ದಳು. ಕಾರಣ ನುಚ್ಚು ಅಂತ ನನಗೆ ತಿಳಿದದ್ದು ಎಷ್ಟೋ ದಿನ ಆದ ಮೇಲೆ. ತಿಳಿದ ಮೇಲೂ ಹೇಳಲಿಲ್ಲ.

ತಿಳಿದದ್ದು ಇಷ್ಟು. ಮೊಲದ ಹೊಟ್ಟೆಯೊಳಗೆ ಜಠರಕ್ಕಿಂತ ದೊಡ್ಡದು ಕುರುಡು ಕರುಳು, ಅಂದರೆ ಸಣ್ಣ ಕರುಳು ದೊಡ್ಡ ಕರುಳು ಸೇರುವಲ್ಲಿರುವ ಚೀಲ. ಅಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳೇ ಅದರ ಅಡುಗೆಯವರು. ಎಳೆ ಮರಿಗೆ ಕಾಳಿನ ಪಿಷ್ಟವನ್ನು ಮೇಲಿನ ಕರುಳಲ್ಲೇ ಪೂರ್ತಿ ಜೀರ್ಣಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಉಳಿದ ಪಿಷ್ಟ ಕೆಳಗೆ ಇಳಿದರೆ ಕೆಟ್ಟ ಜೀವಿಗಳಿಗೆ ಹಬ್ಬ. ಗಾಳಿ ತುಂಬುತ್ತದೆ, ವಿಷ ಏರುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಕೆಳಗೇ ಸಾಗಬೇಕು. ಹಾಗೆ ಸಾಗಿಸುವುದು ಹುಲ್ಲಿನ ನಾರು. ನಾನು ಕಿತ್ತುಕೊಂಡದ್ದು ಅದನ್ನೇ.

ಬೆಳಗಿನ ಜಾವ ಮೊಲ ತಲೆ ಬಗ್ಗಿಸಿ ತನ್ನ ಹಿಂಭಾಗದಿಂದಲೇ ಏನೋ ತಿನ್ನುವುದನ್ನು ನೋಡಿರಬೇಕಲ್ವಾ? ಪುಟ್ಟ ದ್ರಾಕ್ಷಿ ಗೊಂಚಲಿನಂಥ ಮೆತ್ತಗಿನ ಹಿಕ್ಕೆ ಅದು. ಅದರಲ್ಲಿ ಪ್ರೋಟೀನು, ಬಿ ವಿಟಮಿನ್ನು ಎಲ್ಲ ಇರುತ್ತದೆ, ತಿನ್ನಲಿ ಬಿಡು. ಆ ಗೊಂಚಲು ತಿನ್ನದೆ ಗೂಡಿನ ಕೆಳಗೆ ಬೀಳುತ್ತಿದ್ದರೆ ಕಾಳು ಜಾಸ್ತಿ ಆಗಿರಬಹುದು. ನಮ್ಮ ಗೂಡಿನ ಕೆಳಗೂ ಬಿದ್ದಿತ್ತು. ಬೇಧಿ ಅಂದುಕೊಂಡು ಗುಡಿಸಿ ಹಾಕಿದೆ.

ನಿನಗೆ ಬುದ್ಧಿ ಹೇಳುವಷ್ಟು ಯೋಗ್ಯತೆ ನನಗಿಲ್ಲ, ಆದರೂ ಹೇಳುತ್ತೇನೆ. ಬೆಳಿಗ್ಗೆ ಬಟ್ಟಲಿಗೆ ಕೈ ಹಾಕುವ ಮೊದಲು ಒಣಹುಲ್ಲು ಹಾಕು, ಯಾವಾಗಲೂ ಗೂಡಿನಲ್ಲಿ ಇರಲಿ. ಪೆಲೆಟ್, ಅಂದರೆ ಅಂಗಡಿಯ ಗುಳಿಗೆ ಮೇವಿನ ಚೀಲದ ಮೇಲೆ ನಾರಿನಂಶ ಬರೆದಿರುತ್ತಾರೆ, ಶೇಕಡಾ 14ಕ್ಕಿಂತ ಕಮ್ಮಿ ಇದ್ದರೆ ಮರಿಗಳಿಗೆ ಬೇಡ. ಪ್ರೋಟೀನ್ ಶೇಕಡಾ 16ರ ಆಸುಪಾಸು ಸಾಕು. ತಾಯಿ ಬಿಟ್ಟ ಮೊದಲ ಎರಡು ಮೂರು ವಾರ ಪೆಲೆಟ್ಟನ್ನು ಅವು ತಿನ್ನುವುದಕ್ಕಿಂತ ಐದರಲ್ಲಿ ಒಂದು ಪಾಲು ಕಮ್ಮಿಯೇ ಹಾಕು. ಆಗ ತೂಕ ಸ್ವಲ್ಪ ನಿಧಾನ ಆಗುತ್ತದೆ, ಆಮೇಲೆ ಬಹುಪಾಲು ಸರಿದೂಗುತ್ತದೆ. ನಿನ್ನ ಪುಸ್ತಕದ ಅಂಕಿ ನೋಡಿ ಹೆದರಬೇಡ.

ಮತ್ತೆ ಆ ಮರಿಯದೇ ಯೋಚನೆ ಬರುತ್ತದೆ. ಮನೆಯಲ್ಲಿ ಉಳಿದ ಮಾತ್ರೆ ಏನಾದರೂ ಕೊಟ್ಟೆಯಾ? ಕೊಡಬೇಡ. ಅಮಾಕ್ಸಿಸಿಲಿನ್, ಲಿಂಕೋಮೈಸಿನ್ ಥರದ ಆಂಟಿಬಯೋಟಿಕ್ ಬಾಯಲ್ಲಿ ಹಾಕಿದರೆ ಮೊಲದ ಒಳ್ಳೆಯ ಜೀವಿಗಳೇ ಸಾಯುತ್ತವೆ, ಮೊಲವೂ ಉಳಿಯುವುದು ಕಷ್ಟ. ನೀರಿನ ನಳಿಕೆಗೆ ಬೆರಳು ಒತ್ತಿ ನೋಡು, ಕಟ್ಟಿಕೊಂಡಿದ್ದರೆ ಮೊಲ ಮೇವೂ ಬಿಡುತ್ತದೆ. ಬೂಷ್ಟು ಹಿಡಿದ ಮೇವು ಒಂದು ಹಿಡಿಯೂ ಬೇಡ. ಮೇವು ಬದಲಾಯಿಸುವುದಾದರೆ ಹಳೆಯದಕ್ಕೆ ಹೊಸದು ಬೆರೆಸುತ್ತಾ ಏಳರಿಂದ ಹತ್ತು ದಿನ ತಗೋ. ಮುಂದಿನ ಸಲ ಮರಿಗಳನ್ನು 35 ದಿನ ತಾಯಿಯ ಜೊತೆ ಬಿಡಲು ಆದೀತಾ ನೋಡು. ಇದೆಲ್ಲ ನಿನಗೆ ಗೊತ್ತೇ ಇರಬಹುದು.

ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಆ ಮರಿ ಇರುತ್ತದೋ ಇಲ್ಲವೋ. ಹೋಗಿದ್ದರೆ ಯಾರನ್ನೂ ಬೈಯಬೇಡ. ನಿನ್ನನ್ನೂ. ಅದರ ಜೊತೆಗಿದ್ದ ಮರಿಗಳ ಬಟ್ಟಲು ನೋಡು, ಬಾಲದ ಕೆಳಗೆ ನೋಡು, ರಾತ್ರಿ ಒಮ್ಮೆ ಕಿವಿಗೊಟ್ಟು ಕೇಳು.

ಅಂಚೆಗೆ ಹಾಕುವ ಮೊದಲು ಇದನ್ನು ನಿಮ್ಮ ದೊಡ್ಡಮ್ಮನಿಗೆ ಓದಿ ಹೇಳುತ್ತೇನೆ. ಅವಳು ಪಕ್ಕದ ಕೋಣೆಯಲ್ಲೇ ಇದ್ದಾಳೆ. ಆ ಮರಿ ಹುಲ್ಲು ಮುಟ್ಟಿತಾ, ಹಿಕ್ಕೆ ಹಾಕಿತಾ ಅಂತ ಮಾತ್ರ ಎಷ್ಟು ಹೊತ್ತಾದರೂ ಫೋನ್ ಮಾಡಿ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ