ಕಾಲು ಗಂಟೆ ಕೊಟ್ಟವರಿಗೆ

ಈ ಎಳ್ಳ ಅಮಾವಾಸ್ಯೆಗೆ ವರ್ಷ ತುಂಬಿತು. ಮೊಬೈಲಿನಲ್ಲಿ ದಿನಕ್ಕೊಂದು ಚಿತ್ರ ತೆಗೆಯುವುದು ಎಂದು ಶುರು ಮಾಡಿದ್ದು ಕಡಿಯದೆ ನಡೆದು ಬಂದಿದೆ. ಹಾಸಿಗೆ ಹಿಡಿದಿದ್ದ ನಮ್ಮವರು ಈಗ ಕೋಲು ಹಿಡಿದು, ಬೆಟಗೇರಿಯ ನಮ್ಮ ಓಣಿಯ ತುದಿಯ ಗಿರಣಿಯವರೆಗೆ ತಾವೇ ಹೋಗಿ ಬರುತ್ತಿದ್ದಾರೆ. ಎರಡಕ್ಕೂ ಸೇರಿಸಿ ಧನ್ಯವಾದ ಹೇಳುವುದು ಬಾಕಿ ಇತ್ತು. ಆಸ್ಪತ್ರೆಯ ಕಥೆ ನಿಮಗೆಲ್ಲ ಗೊತ್ತಿರುವುದರಿಂದ ಆ ಗಂಟನ್ನು ಮತ್ತೆ ಬಿಚ್ಚುವುದಿಲ್ಲ.

ಹಲವರು ಕೇಳಿದ್ದೀರಿ: ಲಕ್ಕುಂಡಿ ಮಗ್ಗುಲಲ್ಲೇ ಇದೆ, ಕಪ್ಪತಗುಡ್ಡ ಇದೆ, ಅವೆಲ್ಲ ಬಿಟ್ಟು ತಿಂಗಳುಗಟ್ಟಲೆ ಓಣಿ, ನಳ, ಮಾಳಿಗೆ, ಜಾಲಿ ಗಿಡ ಇವನ್ನೇ ಏಕೆ ತೆಗೆದಿರಿ ಎಂದು. ಅದು ಒಂದು ಬಗೆಯ ಕಲಾದೃಷ್ಟಿ ಎಂದು ಯಾರೋ ಬರೆದರು, ಓದಿ ನಕ್ಕುಬಿಟ್ಟೆ. ಒಂದು ಔಷಧಕ್ಕೂ ಮುಂದಿನ ಔಷಧಕ್ಕೂ ನಡುವೆ, ಅವರ ಪಕ್ಕದಲ್ಲಿ ಯಾರಾದರೂ ಬಂದು ಕುಳಿತರೆ, ನನಗೆ ಸಿಗುತ್ತಿದ್ದುದು ಕಾಲು ಗಂಟೆ. ಅಷ್ಟರೊಳಗೆ ಹೋಗಿ ಬರಲು ಸಾಧ್ಯವಿದ್ದ ಜಾಗವೆಲ್ಲ ನನ್ನ ಚಿತ್ರಗಳಲ್ಲಿದೆ. ಇಲ್ಲದ್ದು ಅದರ ಆಚೆಗಿತ್ತು.

ಚಿತ್ರ ತೆಗೆಯುತ್ತಿದ್ದುದು ನನಗಾಗಿಯೂ ಅಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವರಿಗೆ ಹೊರಗೆ ಏನು ನಡೆದಿದೆ ಎಂದು ತೋರಿಸಬೇಕಿತ್ತು. ಇಡೀ ಬದುಕನ್ನು ಗದುಗಿನ ಮುದ್ರಣಾಲಯದಲ್ಲಿ, ನಾಲ್ಕು ಬಣ್ಣದ ಆಫ್‌ಸೆಟ್ ಯಂತ್ರದ ಮುಂದೆ ಕಳೆದವರು. ಕ್ಯಾಲೆಂಡರಿನ ಲಕ್ಷ್ಮಿಯ ಸೀರೆಯಂಚು ಕೂದಲೆಳೆಯಷ್ಟು ಸರಿದಿದ್ದರೂ ಅವರ ಕಣ್ಣಿಗೆ ಬೀಳುತ್ತದೆ. ಮೊದಲ ವಾರಗಳಲ್ಲಿ ನಾನು ಮೊಬೈಲ್ ಹಿಡಿದರೆ ನೋಡಿ ಕಣ್ಣು ಮುಚ್ಚುತ್ತಿದ್ದರು, ಅಷ್ಟೇ. ಒಂದು ದಿನ ಹೊಲದ ಬದುವಿನಲ್ಲಿ ಅರಳಿದ್ದ ಕುಸುಬಿಯ ಹೂವನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು. ಮಾತು ಅರ್ಧಕ್ಕೇ ನಿಂತುಬಿಡುತ್ತಿದ್ದ ದಿನಗಳು ಅವು. ಆದರೂ ತುಂಡರಿಸದೆ ಹೇಳಿದರು: ‘ಹಳದಿ ಕಡಿಮೆ.’ ತಿಂಗಳ ನಂತರ ಬಂದ ಮೊದಲ ಪೂರ್ತಿ ಮಾತು, ಅದೂ ದೂರು! ಅಡುಗೆಮನೆಗೆ ಹೋಗಿ ಅತ್ತು ಬಂದು, ನಾಳೆ ಹೆಚ್ಚು ಹಳದಿ ತರುತ್ತೇನೆ ಎಂದೆ.

ಅಲ್ಲಿಂದ ಮುಂದೆ ನಾನು ತೆಗೆಯುವುದು, ಅವರು ತಪ್ಪು ಹುಡುಕುವುದು. ಮೇ ಮೊದಲ ವಾರದಲ್ಲಿ ಸೂರ್ಯ ನಮ್ಮೂರಿನ ನೆತ್ತಿಯ ಮೇಲೆಯೇ ಬರುತ್ತಾನೆಂದು ಹೇಳಿಕೊಟ್ಟವರೂ ಅವರೇ. ಗದಗದ ಅಕ್ಷಾಂಶ ಹದಿನೈದೂವರೆ ಡಿಗ್ರಿಯ ಹತ್ತಿರ, ಹಾಗಾಗಿ ಅದು ವರ್ಷಕ್ಕೆ ಎರಡು ಸಲ: ಒಮ್ಮೆ ಮೇ ಆರಂಭದಲ್ಲಿ, ಮತ್ತೊಮ್ಮೆ ಆಗಸ್ಟ್‌ನಲ್ಲಿ. ಮಧ್ಯಾಹ್ನ 12.25ರ ಸುಮಾರಿಗೆ ನಳದ ಪಕ್ಕದ ಕಂಬದ ಬುಡದಲ್ಲಿ ನೆರಳು ಪೂರ್ತಿ ಮಾಯ. ನೀರು ಬಿಡುವ ದಿನ ಬೇರೆ. ಸಾಲಿಗೆ ಇಟ್ಟ ಕೊಡಗಳಿಗೂ ನೆರಳಿರಲಿಲ್ಲ. ಉರಿಬಿಸಿಲಿನಲ್ಲಿ ನಾನು ಕಂಬದ ಬುಡಕ್ಕೆ ಮೊಬೈಲ್ ಹಿಡಿದು ಕುಳಿತದ್ದನ್ನು ಕಂಡು, ನನಗೂ ಏನೋ ಆಯಿತೆಂದು ಓಣಿಯವರು ಗಾಬರಿಯಾದರು. ಆಗಸ್ಟ್‌ನಲ್ಲಿ ಮತ್ತೆ ಪ್ರಯತ್ನಿಸಿದರೆ ಮೋಡ. ಆ ದಿನದ ಚಿತ್ರದಲ್ಲಿ ಮೋಡವೇ ಇದೆ.

ಇನ್ನು ಗಿರಣಿಯ ಕಾಕಾ. ಹೆಸರು ಹಾಕಿದರೆ ಬೈಯುತ್ತಾರೆ, ಹಾಕುವುದಿಲ್ಲ.

ಆ ಮೇ ತಿಂಗಳೇ ಕೊನೆಗೆ ಬರುವ ಹೊತ್ತಿಗೆ ಒಂದು ಸಂಜೆ ಎಲ್ಲ ತಲೆಕೆಳಗಾಗಿ, ಹುಬ್ಬಳ್ಳಿಗೆ ಓಡಬೇಕಾಯಿತು. ಗಾಡಿ ಬಂತು. ಕಾಕಾ ಗಿರಣಿಯ ಪಟ್ಟೆ ಕಳಚಿ, ಮೈಮೇಲಿನ ಹಿಟ್ಟನ್ನೂ ಕೊಡವದೆ ಬಂದು ಮುಂದಿನ ಸೀಟಿನಲ್ಲಿ ಕುಳಿತರು. ಯಾರೂ ಕರೆದಿರಲಿಲ್ಲ. ಅಣ್ಣಿಗೇರಿ ದಾಟುವವರೆಗೂ ಒಂದು ಮಾತಿಲ್ಲ. ಯಂತ್ರದ ಸದ್ದಿನಲ್ಲಿ ಕಿವಿ ಮಂದವಾದ ಮನುಷ್ಯ. ಓಣಿಯಲ್ಲಿ ಅವರು ಮಾತಾಡಿದರೆ ಮೂರು ಮನೆಗೆ ಕೇಳುತ್ತದೆ. ಆ ರಾತ್ರಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಅವರ ದನಿ ಎಷ್ಟು ಇಳಿದಿತ್ತೆಂದರೆ, ನಾನು ಬಾಗಿ ಕೇಳಬೇಕಾಗಿತ್ತು.

‘ಎಲ್ಲ ಸರಿಹೋಗುತ್ತದೆ’ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಅದಕ್ಕೆ ಮೊದಲು, ಅದರ ನಂತರ ನೂರು ಜನ ಹೇಳಿದ್ದಾರೆ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಕಾಕಾ ಮಾತ್ರ ಬೆಳಗಿನವರೆಗೂ ಜೋಳದ ವಿಷಯ ಹೇಳಿದರು. ಕಲ್ಲಿನ ಹಲ್ಲು ಸವೆದರೆ ಹಿಟ್ಟು ಹೇಗೆ ಬಿಸಿಯಾಗುತ್ತದೆ, ಆಗ ಕಲ್ಲು ಬಿಚ್ಚಿ ಮತ್ತೆ ಹೇಗೆ ಕಡೆಯಬೇಕು, ಕೆಳಗೆ ಬೀಳುವ ಹಿಟ್ಟನ್ನು ಬೆರಳ ನಡುವೆ ಉಜ್ಜಿದರೆ ಅದು ಹೇಗೆ ತಿಳಿಯುತ್ತದೆ. ಜೋಳದ ಹಿಟ್ಟು ದಿನ ಕಳೆದಂತೆ ಜಿಗಿ ಬಿಡುತ್ತದೆ, ತಟ್ಟಿದರೆ ರೊಟ್ಟಿಯ ಅಂಚು ಒಡೆಯುತ್ತದೆ, ಅದಕ್ಕೇ ತಿಳಿದವರು ವಾರಕ್ಕಾಗುವಷ್ಟೇ ಬೀಸಿಸುತ್ತಾರೆ. ನಲವತ್ತು ವರ್ಷ ರೊಟ್ಟಿ ತಟ್ಟಿದವಳಿಗೆ ಇದೆಲ್ಲ ಗೊತ್ತಿರುವುದೇ. ಆದರೂ ಗೊತ್ತಿಲ್ಲದವಳ ಹಾಗೆ ‘ಹೌದೇ?’ ಎನ್ನುತ್ತಾ ಕುಳಿತೆ. ಒಳಗಿನ ಬಾಗಿಲು ತೆರೆದು ಯಾರಾದರೂ ಬಂದಾಗಲೆಲ್ಲ ಅವರು ಮಾತು ನಿಲ್ಲಿಸುತ್ತಿದ್ದರು, ಬಾಗಿಲು ಮುಚ್ಚಿದ ಮೇಲೆ ನಿಲ್ಲಿಸಿದ ಕಡೆಯಿಂದಲೇ ಹಿಡಿಯುತ್ತಿದ್ದರು.

ಅಂದು ಬೆಳಗಾಗಲಿ ಎಂದು ನಾನು ಬೇಡಲಿಲ್ಲ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಬೆಳಗಾಗದಿದ್ದರೂ ನಡೆದೀತು, ಇಷ್ಟು ದಿನ ಎತ್ತಿದ ಭಾರ ಇಲ್ಲಿಗೇ ಇಳಿದರೂ ಸರಿ ಎಂದು ಒಂದು ಗಳಿಗೆ ಮನಸ್ಸು ಹೇಳಿತು. ಹಾಗೆ ಹೇಳಿದ ಮನಸ್ಸು ನನ್ನದೇ. ಅದು ಕಾಕಾನಿಗೆ ತಿಳಿಯಿತೋ ಇಲ್ಲವೋ, ಅವರು ಗೋಡೆಯ ಗಡಿಯಾರ ನೋಡಿ, ಹನ್ನೆರಡಕ್ಕೆ ಇನ್ನೇನು ಸ್ವಲ್ಪವೇ ಉಳಿದಿದೆ ಎಂದರು. ‘ಇವತ್ತಿನದು ತೆಗೆದಿಲ್ಲ. ನಾಳೆ ಅವನು ಕೇಳಿದರೆ ಏನು ತೋರಿಸುತ್ತೀ?’ ಎಂದು ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡರು. ಅವರ ಜೀವಮಾನದ ಮೊದಲ ಚಿತ್ರ ಅದು: ಬೆಂಚಿನ ಒಂದು ಕಾಲು, ನನ್ನ ಚಪ್ಪಲಿ, ಉಳಿದಂತೆ ಗೆರೆಗೆರೆಯಲ್ಲಿ ಹಿಟ್ಟು ಕುಳಿತ ಅವರದೇ ಹೆಬ್ಬೆರಳು.

ನಾಳೆ ಅವನು ಕೇಳಿದರೆ, ಎಂದರಲ್ಲ. ಅಲ್ಲಿಗೆ ನನಗೆ ಉಸಿರು ಬಂತು.

ಎರಡು ದಿನ ಬಿಟ್ಟು ನಮ್ಮವರಿಗೆ ಆ ಚಿತ್ರ ತೋರಿಸಿದಾಗ ಅವರು ಬಣ್ಣದ ಬಗ್ಗೆ ಚಕಾರ ಎತ್ತಲಿಲ್ಲ. ಅದನ್ನು ಈವರೆಗೆ ಬೇರೆ ಯಾರಿಗೂ ತೋರಿಸಿಲ್ಲ, ತೋರಿಸುವುದೂ ಇಲ್ಲ. ವರ್ಷದ ಚಿತ್ರಗಳಲ್ಲಿ ಯಾವುದು ನಿಮಗೆ ಪ್ರಿಯ ಎಂದು ಕೇಳುತ್ತಿದ್ದವರು ದಯವಿಟ್ಟು ಇಲ್ಲಿಗೆ ಬಿಡಿ.

ಮನೆಗೆ ಬಂದ ಮೇಲೆ ಕಾರಹುಣ್ಣಿಮೆ ಕಳೆಯಿತು, ಮಣ್ಣೆತ್ತಿನ ಅಮಾವಾಸ್ಯೆ ಬಂತು. ಕುಂಬಾರರ ಮನೆಯಿಂದ ತಂದ ಎತ್ತು, ಗೋದಲಿಗಳ ಚಿತ್ರ ತೆಗೆದೆ. ಮರುದಿನ ಓಣಿಯ ಮಕ್ಕಳು ಪದ್ಧತಿಯಂತೆ ಕಾಲು ಮುರಿದ ಕುಂಟೆತ್ತನ್ನು ಹಿಡಿದು, ಜೋಳ ಕೇಳಿಕೊಂಡು ಬಾಗಿಲಿಗೆ ಬಂದರು. ನಮ್ಮವರು ಆಗಷ್ಟೇ ಗೋಡೆ ಹಿಡಿದು, ಒಂದು ಕಾಲು ಎಳೆಯುತ್ತಾ ಹೊಸ್ತಿಲಿಗೆ ಬಂದಿದ್ದರು. ಮಕ್ಕಳು ಅವರ ಕಾಲನ್ನೂ ಕೈಯಲ್ಲಿದ್ದ ಎತ್ತನ್ನೂ ನೋಡಿ ಸುಮ್ಮನಾಗಿಬಿಟ್ಟರು. ಇವರೇ ನಕ್ಕು, ಇನ್ನೊಂದು ಕುಂಟೆತ್ತು ಮನೆಯಲ್ಲೇ ಇದೆ, ಎರಡಕ್ಕೂ ಸೇರಿಸಿ ನೀಡು ಎಂದರು. ಜೋಳ ಎರಡು ಸೇರು ಹೋಯಿತು. ಆ ನಗು ಚಿತ್ರದಲ್ಲಿ ಸ್ವಲ್ಪ ಅಲುಗಿದೆ. ಅಲುಗಿದ್ದು ನನ್ನ ಕೈ.

ದಿನವೂ ಬಂದು ಕಾಲು ಆಡಿಸಿ, ಬೈಗುಳ ತಿಂದರೂ ಬರುವುದು ಬಿಡದ ಫಿಸಿಯೋಥೆರಪಿಯ ಹುಡುಗಿ, ಸಂಬಳ ನಿಲ್ಲಿಸದ ಮುದ್ರಣಾಲಯದವರು, ನಾಗರ ಪಂಚಮಿಗೆ ಡಬ್ಬಿ ತುಂಬ ಉಂಡಿ ಕಟ್ಟಿ ತಂದ ನನ್ನ ತಂಗಿ, ಮೇಲಿನ ಮನೆಯ ಅಕ್ಕ, ಹಾಲಿನವನು, ಸರದಿಯ ಮೇಲೆ ಪಕ್ಕದಲ್ಲಿ ಕುಳಿತು ನನಗೆ ಕಾಲು ಗಂಟೆ ಕೊಟ್ಟ ಓಣಿಯ ಎಲ್ಲರೂ: ನಿಮ್ಮ ಋಣವನ್ನು ಒಂದೇ ವಾಕ್ಯಕ್ಕೆ ತುರುಕಿದ್ದೇನೆಂದು ಸಿಟ್ಟಾಗಬೇಡಿ.

ಕಾಲು ಗಂಟೆ ನಿಧಾನವಾಗಿ ಅರ್ಧ ಗಂಟೆಯಾಯಿತು. ಶೀಗೆಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿದ್ದು, ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗಗಳು ಅರ್ಧಕ್ಕೇ ಬಿಟ್ಟ ಗೂಡುಗಳು, ಎಲ್ಲ ಆ ಕಾಲದವು. ಡಿಸೆಂಬರಿನಲ್ಲಿ ಅವರನ್ನೇ ಕೂರಿಸಿಕೊಂಡು ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಹೋದೆವು. 2024ರಲ್ಲಿ ರಾಮ್ಸರ್ ತಾಣಗಳ, ಅಂದರೆ ಜಗತ್ತಿನ ಮಹತ್ವದ ಜೌಗು ತಾಣಗಳ, ಪಟ್ಟಿ ಸೇರಿದ ಕೆರೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲೆಲ್ಲ ನೀರಿನಲ್ಲಿ ಕುಳಿತು, ಸಂಜೆಗೆ ಸುತ್ತಲಿನ ಹೊಲಗಳಿಗೆ ಮೇಯಲು ಏಳುತ್ತವೆ. ಹಿಂದಿನ ಸೀಟಿನಿಂದ ಕಾಕಾ, ಅಷ್ಟು ದೂರದಿಂದ ಬಂದು ನಮ್ಮ ಕಡಲೆಯನ್ನೇ ತಿನ್ನಬೇಕೇ ಎಂದು ಮೂರು ಊರಿಗೆ ಕೇಳುವಂತೆ ಕೂಗಿದರು. ಹಕ್ಕಿಗಳು ಅಲ್ಲಿಯೇ ಎದ್ದುಹೋದವು. ನನಗೆ ಸಿಕ್ಕಿದ್ದು ಬರಿಯ ಬಾಲಗಳು. ನೆತ್ತಿಯ ಎರಡು ಕಪ್ಪು ಪಟ್ಟೆ ಎಲ್ಲಿ ಎಂದು ನಮ್ಮವರು ಇವತ್ತಿಗೂ ಕೇಳುತ್ತಾರೆ.

ಚಿತ್ರಗಳಲ್ಲಿ ಬಂದ ಓಣಿಯವರಿಗೆಲ್ಲ ಒಂದೊಂದು ಪ್ರತಿ ಮುದ್ರಿಸಿಟ್ಟಿದ್ದೇವೆ. ಹಳದಿಯನ್ನು ನಮ್ಮವರೇ ನಿಂತು ಸರಿಮಾಡಿಸಿದ್ದಾರೆ. ಲಕೋಟೆಗಳು ಗಿರಣಿಯಲ್ಲಿವೆ. ಬೆಳಿಗ್ಗೆ ಹತ್ತರ ನಂತರ, ಕರೆಂಟು ಇಲ್ಲದಾಗ ಹೋದರೆ ಒಳ್ಳೆಯದು. ಇದ್ದರೆ ಕಾಕಾನಿಗೆ ನೀವು ಕೂಗಿದ್ದು ಕೇಳುವುದಿಲ್ಲ. ದುಡ್ಡು ಕೇಳಿದರೆ ಕೊಡಬೇಡಿ, ಅವರು ಎಲ್ಲರಿಗೂ ಕೇಳುತ್ತಿದ್ದಾರಂತೆ.