ಒಂದು ರಾತ್ರಿಯ ಋಣ

ಕಾರ್ಗಿಲ್ ಯುದ್ಧದಲ್ಲಿ ಮಡಿದ ಕ್ಯಾಪ್ಟನ್ ವಿಜಯಂತ್ ಥಾಪರ್ ಅವರ ನೆನಪಿನ ನಮ್ಮ ಕಾರ್ಯಕ್ರಮ ಕಳೆದ ಭಾನುವಾರ ದಾವಣಗೆರೆಯಲ್ಲಿ ನಿರ್ವಿಘ್ನವಾಗಿ ನಡೆಯಿತು. ತಯಾರಿಯ ಪಾಡು ನಿಮಗೆಲ್ಲ ಗೊತ್ತಿರುವುದೇ. ಸಭಾಂಗಣ ಒದಗಿಸಿದವರಿಗೆ, ಭಿತ್ತಿಪತ್ರ ಬರೆದ ವಿದ್ಯಾರ್ಥಿಗಳಿಗೆ, ಧ್ವನಿವರ್ಧಕದವರಿಗೆ, ಬಂದವರಿಗೆಲ್ಲ ಮಂಡಕ್ಕಿ ಹಂಚಿದ ಗೆಳತಿಯರಿಗೆ ಮನಃಪೂರ್ವಕ ವಂದನೆಗಳು.

ಪಂಜಾಬಿನ ನಂಗಲ್‌ನಲ್ಲಿ ಹುಟ್ಟಿದವರ ಸ್ಮರಣೆ ಇಲ್ಲೇಕೆ ಎಂದು ಕೇಳಿದವರೂ ಇದ್ದರು. 1999ರ ಆ ಯುದ್ಧದಲ್ಲಿ ಅವರ ಪಡೆಯಾದ 2 ರಜಪೂತಾನಾ ರೈಫಲ್ಸ್ ತೋಲೋಲಿಂಗ್ ಶಿಖರವನ್ನು ಗೆದ್ದಾಗ ಅದರ ಕಮಾಂಡಿಂಗ್ ಆಫೀಸರ್ ಆಗಿದ್ದ ಎಂ.ಬಿ. ರವೀಂದ್ರನಾಥ್ ನಮ್ಮ ದಾವಣಗೆರೆ ಕಡೆಯವರೇ. ಆ ನಂಟು ಇರದಿದ್ದರೂ ನಾನು ಈ ಕಾರ್ಯಕ್ರಮ ಮಾಡುತ್ತಿದ್ದೆನೆನ್ನಿ.

ಆದರೆ ಈ ಬರಹ ಮುಖ್ಯವಾಗಿ ನಮ್ಮ ಬೀದಿಯ ನಿವೃತ್ತ ಸುಬೇದಾರ್ ಸಾಹೇಬರಿಗಾಗಿ. ಹೆಸರು ಹಾಕಕೂಡದೆಂದು ಅವರು ಕಟ್ಟಪ್ಪಣೆ ಮಾಡಿದ್ದಾರೆ. ಹಿಂದಿನ ರಾತ್ರಿ ನಾನು ಎಲ್ಲವನ್ನೂ ಕೈಬಿಡುವ ಹಂತಕ್ಕೆ ಬಂದಿದ್ದೆ; ಬರೆದ ಭಾಷಣದ ಪ್ರತಿ ಸಾಲೂ ಮೆರವಣಿಗೆಯ ಘೋಷಣೆಯಂತೆ ಕೇಳುತ್ತಿತ್ತು. ಅವರು ಬಂದು ಓದಿದರು, ಕೆಂಪು ಪೆನ್ಸಿಲ್ಲಿನಿಂದ ವಿಶೇಷಣಗಳನ್ನು ಒಂದೊಂದಾಗಿ ಹೊಡೆದುಹಾಕಿದರು. "ಸಿಂಹ ಗಿಂಹ ಬೇಡ ಮೇಡಂ, ಇಪ್ಪತ್ತೆರಡು ವರ್ಷದ ಹುಡುಗ ಅಂತ ಬರೀರಿ, ಸಾಕು" ಎಂದರು.

ಆಮೇಲೆ ಅಡುಗೆಮನೆಯಿಂದ ಸ್ಟೀಲ್ ಲೋಟಗಳನ್ನು ತಂದು ನೆಲದ ಮೇಲೆ ಬೋರಲು ಹಾಕಿ, ಇದು ನಾಲ್, ಇದು ಥ್ರೀ ಪಿಂಪಲ್ಸ್, ಇದು ಲೋನ್ ಹಿಲ್ ಎಂದು ವಿಜಯಂತ್ ಅವರ ಕೊನೆಯ ಕಾಳಗದ ಗುಡ್ಡಗಳನ್ನು ಬೆರಳಿಟ್ಟು ತೋರಿಸಿದರು. ಜೂನ್ 28ರ ರಾತ್ರಿ ಹುಣ್ಣಿಮೆಯ ಬೆಳಕು ಚೆಲ್ಲಿದ್ದು, ಏರುವವನ ನೆರಳೂ ಮೇಲಿನವನಿಗೆ ಕಾಣುವಂತಿದ್ದುದು, ದಾಳಿಗೆ ಸಜ್ಜಾಗುತ್ತಿದ್ದ ತುಕಡಿಯ ಮೇಲೆ ಶೆಲ್‌ಗಳು ಬಿದ್ದು ಹಲವರು ಸತ್ತು ಉಳಿದವರು ಚದುರಿದ್ದು, ಆ ಚದುರಿದವರನ್ನು ವಿಜಯಂತ್ ಮತ್ತೆ ಒಟ್ಟುಗೂಡಿಸಿ ಮುಂದೆ ನಡೆಸಿ, ಗುಂಡೇಟು ತಿಂದು ಅಲ್ಲೇ ಮಡಿದದ್ದು—ಇಷ್ಟನ್ನೂ ಅವರು ದನಿಯೇರಿಸದೆ ಹೇಳಿದರು. ತಮ್ಮ ಸ್ವಂತ ಯುದ್ಧದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಕೈ ಮಾತ್ರ ಲೋಟದ ಮೇಲೆ ಸ್ವಲ್ಪ ನಡುಗುತ್ತಿತ್ತು.

ಭಾಷಣದಲ್ಲಿ ಓದಬೇಕಿದ್ದ ವಿಜಯಂತ್ ಅವರ ಕೊನೆಯ ಪತ್ರದಲ್ಲಿ ನಾನು ಎಡವಿದೆ. ತನ್ನ ಅಂಗಗಳಲ್ಲಿ ಏನೇನು ತೆಗೆದುಕೊಳ್ಳಲು ಸಾಧ್ಯವೋ ತೆಗೆದುಕೊಳ್ಳಲಿ, ಅನಾಥಾಶ್ರಮಕ್ಕೆ ಒಂದಿಷ್ಟು ಹಣ ಕೊಡಿ, ಕಾಶ್ಮೀರದ ಕುಪ್ವಾರಾದ ಪುಟ್ಟ ಹುಡುಗಿಗೆ ತಿಂಗಳಿಗೆ 50 ರೂಪಾಯಿ ಕಳಿಸುತ್ತಿರಿ ಎಂದು ಅವರು ಮನೆಯವರಿಗೆ ಬರೆದಿದ್ದರು. ಉಗ್ರರು ತಂದೆಯನ್ನು ಕೊಂದ ಮೇಲೆ ಮಾತು ನಿಂತುಹೋಗಿದ್ದ ಮಗು ಅದು. ಓದುತ್ತಾ ನನಗೆ ಹೆಮ್ಮೆಯಾಗಲಿಲ್ಲ, ಸಿಟ್ಟು ಬಂತು. 1998ರ ಡಿಸೆಂಬರ್‌ನಲ್ಲಿ ಸೇನೆ ಸೇರಿದವನು ಮರುವರ್ಷದ ಜೂನ್‌ನಲ್ಲಿ ತನ್ನ ಕಣ್ಣು, ಕಿಡ್ನಿಗಳ ಲೆಕ್ಕ ಬರೆದಿಡಬೇಕೇ? ನಾನು ಬಿಕ್ಕಿಬಿಕ್ಕಿ ಅತ್ತೆ. ವೀರಚಕ್ರ ಆ ತಾಯಿಯ ಮಡಿಲು ತುಂಬೀತೇ ಎಂದೂ ಕೂಗಾಡಿದೆ. ಸುಬೇದಾರ್ ಸಾಹೇಬರು ತಡೆಯಲಿಲ್ಲ. ನೀರು ಕೊಟ್ಟು, "ಇನ್ನೊಮ್ಮೆ ಓದಿ" ಎಂದರು. ಬೆಳಗಿನ ಹಾಲಿನವನು ಬರುವ ತನಕ ಓದಿಸಿದರು.

ಭಾನುವಾರ ಪತ್ರವನ್ನು ಪೂರ್ತಿ ಓದಿದೆ. ಅವರು ಕಡೇ ಸಾಲಿನಲ್ಲಿ ಕೂತಿದ್ದರು. ಶಾಲು, ಹಾರ ಎರಡನ್ನೂ ಬೇಡವೆಂದರು. ಸಂಗ್ರಹವಾದ ಹಣದಲ್ಲಿ ಖರ್ಚು ಕಳೆದು ಉಳಿದದ್ದನ್ನು ಊರಿನ ಒಂದು ಅನಾಥಾಶ್ರಮಕ್ಕೆ ಕೊಡುತ್ತಿದ್ದೇವೆ. ಲೆಕ್ಕದ ಪುಸ್ತಕ ನನ್ನ ಬಳಿ ಇದೆ, ಯಾರು ಬೇಕಾದರೂ ಮನೆಗೆ ಬಂದು ನೋಡಬಹುದು.