ಸಿಟ್ಟಿನ ಹೊತ್ತಲ್ಲಿ ನಾಳೆಯ ತೀರ್ಮಾನ ಬೇಡ: ಹತ್ತನೇ ತರಗತಿ ಮಕ್ಕಳ ಪೋಷಕರಿಗೆ ಪತ್ರ

ಪ್ರೀತಿಯ ತಂದೆ ತಾಯಂದಿರಿಗೆ, ಅಜ್ಜ ಅಜ್ಜಿಯರಿಗೆ, ತಂಗಿಯ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಓದಿಸುತ್ತಿರುವ ಮಾವಂದಿರಿಗೆ ನಮಸ್ಕಾರ.

ಶೇಂಗಾ ಕಿತ್ತು, ಬಿಡಿಸಿ, ಹೊಟ್ಟು ಬಣವೆ ಹಾಕಿ ಈಗಷ್ಟೇ ಸ್ವಲ್ಪ ಉಸಿರು ಬಿಡುತ್ತಿದ್ದೀರಿ ಅಂತ ಗೊತ್ತು. ಪತ್ರ ಉದ್ದವಿದೆ. ರಾತ್ರಿ ಊಟ ಆದ ಮೇಲೆ ಓದಿ. ಓದಲು ಬಾರದವರಿಗೆ ಮಗನೋ ಮಗಳೋ ಓದಿ ಹೇಳಲಿ. ಅವರು ಕೇಳಿಸಿಕೊಳ್ಳಬಾರದ್ದು ಇದರಲ್ಲಿ ಏನೂ ಇಲ್ಲ.

ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಉತ್ತರ ಪತ್ರಿಕೆ ಕೊಟ್ಟ ದಿನ ಒಂದು ಘಟನೆ ನಡೆಯಿತು. ಆ ಹುಡುಗನನ್ನೂ ಅವನ ಮನೆಯವರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ. 80ಕ್ಕೆ 27 ಬಂದಿತ್ತು. ಪಕ್ಕದವನು ಇಣುಕಿ ನೋಡಿ ನಕ್ಕನಂತೆ. ಇವನು ಪತ್ರಿಕೆಯನ್ನು ನಾಲ್ಕು ತುಂಡು ಮಾಡಿ, "ನಾಳೆಯಿಂದ ಸ್ಕೂಲಿಗೆ ಬರಲ್ಲ, ಗ್ಯಾರೇಜಿಗೆ ಹೋಗ್ತೀನಿ" ಅಂತ ಹೇಳಿ ಎದ್ದು ಹೋದ. ಬ್ಯಾಗು ಅಲ್ಲೇ ಇತ್ತು.

ನಾನು ಹೋಗಿ ನೋಡಿದಾಗ ನೀರಿನ ಟ್ಯಾಂಕಿನ ಹಿಂದೆ, ಬೇವಿನ ಮರದ ಕಟ್ಟೆ ಮೇಲೆ ಕೂತಿದ್ದ. ಹರಿದ ಕಾಗದವನ್ನು ಬಿಸಾಕಿರಲಿಲ್ಲ. ಅಂಗೈಯಲ್ಲಿ ಹಿಡಿದು ಉಂಡೆ ಮಾಡ್ತಾ, ಬಿಚ್ಚುತ್ತಾ ಇದ್ದ. ಬೆರಳು ನಡುಗುತ್ತಿದ್ದವು. ನಾನು ಪಕ್ಕದಲ್ಲಿ ಕೂತೆ. ಏನೂ ಕೇಳಲಿಲ್ಲ. ಬಿಸಿಯೂಟದ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಹತ್ತು ನಿಮಿಷ ಆಗಿರಬೇಕು. ಅವನೇ ಬಾಯಿ ಬಿಟ್ಟ. "ಅಪ್ಪನಿಗೆ ಏನ್ ಹೇಳ್ಲಿ ಮಿಸ್?"

ನೋಡಿ, ಗ್ಯಾರೇಜು ಅವನ ಆಸೆ ಆಗಿರಲಿಲ್ಲ. ನಕ್ಕವನ ಮೇಲಿನ ಸಿಟ್ಟೂ ಅಷ್ಟೇನಿರಲಿಲ್ಲ. ಒಳಗೆ ಇದ್ದದ್ದು ಅಪ್ಪನ ಮುಖ ನೋಡುವ ಹೆದರಿಕೆ. ಅದು ಅವನಿಗೇ ತಿಳಿಯಲು ಹತ್ತು ನಿಮಿಷ ಬೇಕಾಯಿತು. ಆ ಹತ್ತು ನಿಮಿಷ ಸಿಗದಿದ್ದರೆ? ಓದು ಬಿಡುವ ತೀರ್ಮಾನ ಅಲ್ಲೇ ಮುಗಿದುಹೋಗುತ್ತಿತ್ತು. ಒಮ್ಮೆ ಬಾಯಿಂದ ಬಂದ ಮಾತನ್ನು ಹಿಂದಕ್ಕೆ ತಗೊಳ್ಳೋಕೆ ಹದಿನೈದು ವರ್ಷದ ಹುಡುಗನಿಗೆ ಮರ್ಯಾದೆ ಅಡ್ಡ ಬರುತ್ತದೆ. ಹೀಗೆ ಹೋದವರನ್ನು ನಾನು ಕಂಡಿದ್ದೇನೆ. ನಿಮ್ಮ ಊರಲ್ಲೂ ಇದ್ದಾರೆ.

ಆಮೇಲೆ ಇಬ್ಬರೂ ನನ್ನ ಕೋಣೆಗೆ ಬಂದು ಪತ್ರಿಕೆಯನ್ನು ಟೇಪ್ ಹಾಕಿ ಅಂಟಿಸಿದೆವು. ಅಂಕ ಎಲ್ಲಿ ಹೋಯಿತು ಅಂತ ಲೆಕ್ಕ ಹಾಕಿದೆವು. ಉತ್ತರ ಗೊತ್ತಿದ್ದೂ ಹಂತ ಬರೆಯದೆ ಹೋದದ್ದು 5. ಪ್ಲಸ್ ಇರಬೇಕಾದ ಕಡೆ ಮೈನಸ್ ಹಾಕಿ ಹೋದದ್ದು 3. ಓದಿಕೊಂಡಿದ್ದ ಪ್ರಮೇಯ, ಟೈಮ್ ಸಾಲದೆ ಬಿಟ್ಟದ್ದು 4. ಒಟ್ಟು 12. ಅವನು ಪೆನ್ಸಿಲ್ ತಗೊಂಡು 27ರ ಪಕ್ಕ ಸಣ್ಣದಾಗಿ 39 ಅಂತ ಬರೆದ. ಬರೆದು ನನ್ನ ಮುಖ ನೋಡಿದ.

ಗ್ಯಾರೇಜಿನ ವಿಷಯವನ್ನೂ ನಾನು ಬಿಡಲಿಲ್ಲ. ನಿಜವಾಗಿ ಇಷ್ಟವಾ ಅಂತ ಕೇಳಿದೆ. ಬೈಕಿನ ಕೆಲಸ ಇಷ್ಟವೇ ಅಂದ. ಹಾಗಾದರೆ ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸ್ ಇದೆ, ಎರಡು ವರ್ಷ, ಸರ್ಟಿಫಿಕೇಟ್ ಸಿಗುತ್ತದೆ ಅಂತ ಹೇಳಿದೆ. ಅವನಿಗೆ ಗೊತ್ತೇ ಇರಲಿಲ್ಲ. ಸಿಟ್ಟಿನಲ್ಲಿ ಅಂದ ಗ್ಯಾರೇಜು ಓಡಿಹೋಗುವ ಜಾಗ. ತಣ್ಣಗಿದ್ದಾಗ ಅಂದ ಗ್ಯಾರೇಜು ಒಂದು ಬದುಕು. ಇದೇ ವಿಷಯಕ್ಕೆ ನಿಮಗೆ ಈ ಪತ್ರ ಬರೆಯುತ್ತಿರುವುದು. ಮಗುವಿನ ಮುಂದಿನ ದಾರಿಯನ್ನು ಸಿಟ್ಟಿನಲ್ಲಿ, ಅವಮಾನದಲ್ಲಿ ಯಾರೂ ತೀರ್ಮಾನ ಮಾಡುವುದು ಬೇಡ. ಮಗುವೂ ಬೇಡ, ನಾವೂ ಬೇಡ.

ಈ ವಯಸ್ಸಿನ ಮಕ್ಕಳಿಗೆ ಸಿಟ್ಟು ಬೇಗ ಬರಲು ಕಾರಣ ಇದೆ. ನಮ್ಮ ಮಿದುಳಿನಲ್ಲಿ ಹಣೆಯ ಹಿಂದಿನ ಭಾಗ ಯೋಚಿಸುವ, ತಡೆದುಕೊಳ್ಳುವ ಕೆಲಸ ಮಾಡುತ್ತದೆ. ಅದು ಪೂರ್ತಿ ಬಲಿಯುವುದು ಸುಮಾರು 25 ವರ್ಷದ ಹೊತ್ತಿಗೆ. ಹೆದರಿಕೆ, ಸಿಟ್ಟು ಎಬ್ಬಿಸುವ ಭಾಗ ಅದಕ್ಕಿಂತ ಎಷ್ಟೋ ಮೊದಲೇ ಚುರುಕಾಗಿರುತ್ತದೆ. ಸಿಟ್ಟು ಬಂದಾಗ ಅಡ್ರಿನಲಿನ್ ಅನ್ನುವ ರಸ ರಕ್ತಕ್ಕೆ ಸೇರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ, ಮೈ ಜಗಳಕ್ಕೋ ಓಟಕ್ಕೋ ತಯಾರಾಗುತ್ತದೆ. ಅದು ಇಳಿಯೋಕೆ ಸಮಯ ಬೇಕು. ಉಸಿರನ್ನು ನಿಧಾನಕ್ಕೆ, ಉದ್ದವಾಗಿ ಹೊರಗೆ ಬಿಟ್ಟರೆ ಎದೆಬಡಿತ ಬೇಗ ತಗ್ಗುತ್ತದೆ. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿ ಬೆಳಿಗ್ಗೆ ಐದಕ್ಕೆ ಏಳುವ ಮಗುವಿಗೆ ಸಿಟ್ಟು ಇನ್ನೂ ಜಾಸ್ತಿ. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಎಸ್ಸೆಸ್ಸೆಲ್ಸಿ ಅಂತ ನಿದ್ದೆ ಕಡಿಮೆ ಮಾಡಿಸಬೇಡಿ, ದಯವಿಟ್ಟು.

ಮಕ್ಕಳಿಗೆ ಶನಿವಾರ ಒಂದು ಪ್ರಶ್ನೆ ಕೊಟ್ಟಿದ್ದೆ. ಸಿಟ್ಟು ಬಂದಾಗ ನಿನ್ನ ಮೈಯಲ್ಲಿ ಏನಾಗುತ್ತೆ? ಒಬ್ಬಳು "ಕಿವಿ ಬಿಸಿ ಆಗುತ್ತೆ" ಅಂತ ಬರೆದಳು. ಇನ್ನೊಬ್ಬ "ಹೊಟ್ಟೇಲಿ ಕಲ್ಲು ಇಟ್ಟ ಹಾಗೆ" ಅಂದ. ಹಿಂದಿನ ಬೆಂಚಿನ ಹುಡುಗ, ತುಂಬ ಜಗಳಗಂಟ ಅಂತ ಎಲ್ಲರೂ ಅನ್ನುವವನು, ಒಂದೇ ಸಾಲು ಬರೆದಿದ್ದ. "ನಂಗೆ ಅಳು ಬರುತ್ತೆ, ಅದು ಕಾಣಬಾರದು ಅಂತ ಕೂಗ್ತೀನಿ." ಅದನ್ನು ಓದಿದ ಮೇಲೆ ಅವನನ್ನು ಮೊದಲಿನ ಹಾಗೆ ನೋಡಲು ನನ್ನಿಂದ ಆಗಿಲ್ಲ.

ನನ್ನಿಂದಲೂ ತಪ್ಪಾಗಿದೆ. ಕೆಲವು ವರ್ಷದ ಹಿಂದೆ, ಬೇರೆ ಶಾಲೆಯಲ್ಲಿದ್ದಾಗ, ತಡವಾಗಿ ಬಂದ ಒಬ್ಬ ಹುಡುಗಿಯನ್ನು ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಬೈದೆ. ಅವಳ ಅವ್ವನಿಗೆ ಹುಷಾರಿರಲಿಲ್ಲ, ಅಡುಗೆ ಮಾಡಿ, ತಮ್ಮನಿಗೆ ಉಣಿಸಿ, ಓಡಿಬಂದಿದ್ದಳು. ಮಧ್ಯಾಹ್ನ ಗೊತ್ತಾಯಿತು. ಮರುದಿನ ಅದೇ ಪ್ರಾರ್ಥನೆಯಲ್ಲಿ ಅವಳ ಹತ್ತಿರ ತಪ್ಪಾಯ್ತು ಅಂತ ಕೇಳಿದೆ. ಆದರೂ ಅವಳು ನನ್ನ ಜೊತೆ ಮೊದಲಿನಂತೆ ಮಾತಾಡಲು ಎಷ್ಟೋ ತಿಂಗಳು ಹಿಡಿಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ಹಾಗಾಗಿ ಮನೆಯಲ್ಲಿ ನೀವು ಆಡುವ ಮಾತಿನ ಬಗ್ಗೆ ಕೇಳಿಕೊಳ್ಳುವ ಹಕ್ಕು ನನಗೂ ಸ್ವಲ್ಪ ಇದೆ ಅಂದುಕೊಳ್ಳುತ್ತೇನೆ. "ಎಮ್ಮೆ ಮೇಯಿಸೋಕೆ ಹೋಗು" ಅಂತ ಬೈಯುತ್ತೇವೆ. ಎಮ್ಮೆಯ ಹಾಲಿನಿಂದಲೇ ಆ ಮಗುವಿನ ನೋಟ್‌ಬುಕ್ ಬಂದಿರುತ್ತದೆ, ಅಲ್ವಾ? ಮನೆ ನಡೆಸುವ ಕೆಲಸವನ್ನೇ ಬೈಗುಳ ಮಾಡಿದರೆ ಮಗು ಕಲಿಯುವುದು ಎರಡು. ಓದು ಅಂದ್ರೆ ಶಿಕ್ಷೆ. ಅಪ್ಪನ ಕೆಲಸ ಅಂದ್ರೆ ನಾಚಿಕೆ. ಚಿಕ್ಕಪ್ಪನ ಮಗಳ ಅಂಕ ತೋರಿಸಿ ಹೋಲಿಸುವುದೂ ಹಾಗೇ. ಕೈ ಎತ್ತುವ ಬಗ್ಗೆ ಇಷ್ಟೇ ಹೇಳುತ್ತೇನೆ. ಶಾಲೆಯಲ್ಲಿ ಮಗುವನ್ನು ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ನಿಷಿದ್ಧ. ಶಾಲೆಯಲ್ಲಿ ಬೇಡವಾದದ್ದು ಮನೆಯಲ್ಲಿ ಯಾಕೆ ಬೇಕು?

ನಮ್ಮ ಮಾರಿಕಣಿವೆ ಅಣೆಕಟ್ಟನ್ನೇ, ಅದೇ ವಾಣಿವಿಲಾಸ ಸಾಗರವನ್ನೇ ನೆನೆಸಿಕೊಳ್ಳಿ. 1907ರಲ್ಲಿ ಕಟ್ಟಿ ಮುಗಿಸಿದರು. ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ತುಂಬಲೇ ಇಲ್ಲ. 2022ರಲ್ಲಿ ಕೋಡಿ ಬಿದ್ದಾಗ ನಾವೆಲ್ಲ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದೆವು. ಇಷ್ಟು ವರ್ಷ ಒಣಗಿದ್ದ ಕೋಡಿಯ ಮೇಲೆ ನೀರು ಹರಿದು ಹೋಯಿತು, ಕಟ್ಟೆಗೆ ಏನೂ ಆಗಲಿಲ್ಲ. ನೀರು ಬಂದ ದಿನ ಯಾರೂ ಗುದ್ದಲಿ ಹಿಡಿದು ಓಡಲಿಲ್ಲ. ದಾರಿಯನ್ನು ಮೊದಲೇ ಬಿಟ್ಟಿದ್ದರು. ಮನೆಯಲ್ಲೂ ಹೀಗೇ ಮಾಡಬಹುದು. ಎಲ್ಲರೂ ತಣ್ಣಗಿರುವ ಒಂದು ದಿನ ಮಗುವಿನ ಜೊತೆ ಕೂತು ಮಾತಾಡಿಕೊಳ್ಳಿ. ನಿನಗೆ ಸಿಟ್ಟು ಬಂದಾಗ ಎಲ್ಲಿಗೆ ಹೋಗ್ತೀಯ? ಮಾಳಿಗೆಗಾ, ಹಿತ್ತಲಿಗಾ? ಎಷ್ಟು ಹೊತ್ತು ನಿನ್ನ ಪಾಡಿಗೆ ನಿನ್ನ ಬಿಡಬೇಕು? ನನಗೆ ಸಿಟ್ಟು ಬಂದಾಗ ನೀನು ಏನು ಮಾಡಬೇಕು? ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ.

ಫಲಿತಾಂಶದ ದಿನಕ್ಕೂ ಈಗಲೇ ಮಾತಾಗಲಿ. ಅಂಕ ಎಷ್ಟೇ ಬರಲಿ, ಆ ದಿನ ಮುಂದಿನ ಓದಿನ ತೀರ್ಮಾನ ಇಲ್ಲ. ಮೊದಲು ಊಟ, ಆಮೇಲೆ ಮಾತು. ಕಡಿಮೆ ಬಂದರೆ ದಾರಿ ಇದೆ. 2024ರಿಂದ ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂತೋ ಅದೇ ಅಂಕ ಉಳಿಯುತ್ತದೆ. ಇದನ್ನು ಮಗುವಿಗೆ ಈಗಲೇ, ಪರೀಕ್ಷೆಗೆ ಮೊದಲೇ ಹೇಳಿ. ಹೇಳಿದರೆ ಓದುವುದು ಬಿಡುತ್ತದೆ ಅಂತ ಕೆಲವರು ಹೆದರುತ್ತಾರೆ. ನಾನು ಕಂಡ ಹಾಗೆ, ಹೆದರಿಕೆ ಕಡಿಮೆಯಾದ ಮಗು ಜಾಸ್ತಿ ಓದುತ್ತದೆ.

ಖುಷಿಯಲ್ಲೂ ತೀರ್ಮಾನ ಬೇಡ. 625ಕ್ಕೆ 590 ದಾಟಿದ ಒಬ್ಬ ಹುಡುಗಿ ನನಗೆ ಗೊತ್ತು. ಲೆಕ್ಕಪತ್ರ ಅಂದರೆ ಅವಳಿಗೆ ಜೀವ. ಅಪ್ಪನ ಅಂಗಡಿಯ ಲೆಕ್ಕ ಬರೆಯುತ್ತಿದ್ದವಳು ಅವಳೇ. ಸನ್ಮಾನದ ದಿನ ಹಾರ ಹಾಕಿದವರೆಲ್ಲ "ಡಾಕ್ಟರ್ ಆಗಮ್ಮ" ಅಂದರು. ಅದೇ ವಾರ ದೂರದ ಒಂದು ಕಾಲೇಜಿಗೆ ಫೀಸು ಕಟ್ಟಿ ಸೈನ್ಸಿಗೆ ಸೇರಿಸಿದರು. ಮೊದಲ ವರ್ಷದ ಮಧ್ಯದಲ್ಲೇ ಊರಿಗೆ ವಾಪಸ್ ಬಂದಳು. ಮರುವರ್ಷ ಕಾಮರ್ಸಿಗೆ ಸೇರಿ ಈಗ ಚೆನ್ನಾಗಿದ್ದಾಳೆ. ಆದರೆ ಆ ಒಂದು ವರ್ಷ ಅವಳು ತನ್ನನ್ನೇ ದಡ್ಡಿ ಅಂದುಕೊಂಡು ಕಳೆದಳು. ಅವಳ ಇಷ್ಟ ಏನು ಅಂತ ಒಬ್ಬರಾದರೂ ಕೇಳಬೇಕಿತ್ತು.

ದಾರಿಗಳು ಏನೇನಿವೆ ಅಂತ ನೀವೂ ತಿಳಿದಿರಬೇಕು. ಪಿಯುಸಿ ಎರಡು ವರ್ಷ. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ, ಅದು ಮುಗಿದ ಮೇಲೆ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಚಿತ್ರದುರ್ಗದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ದಾವಣಗೆರೆಯಲ್ಲೂ ಇದೆ. ಐಟಿಐನಲ್ಲಿ ಒಂದು ವರ್ಷದ ಕೋರ್ಸುಗಳೂ ಇವೆ, ಎರಡು ವರ್ಷದವೂ ಇವೆ. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಗಳ ಹಾಸ್ಟೆಲ್ ಇವೆ. ಎಂಟನೇ ತರಗತಿಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಎನ್‌ಎಂಎಂಎಸ್ ಅನ್ನುವ ಸ್ಕಾಲರ್‌ಶಿಪ್ ಪರೀಕ್ಷೆ ಬರೆಸಿ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ.

ಹೆಣ್ಣುಮಕ್ಕಳ ತಂದೆ ತಾಯಿಗೆ ಒಂದು ವಿಶೇಷ ಮಾತು. ಕಾಲೇಜು ದೂರ, ಬಸ್ಸಿನ ಖರ್ಚು ಅಂತ ಹಿಂದೆ ಹೇಳುತ್ತಿದ್ದಿರಿ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ ಓಡುವ ದಾರಿಯಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಸರ್ಕಾರಿ ಬಸ್ ಬಾರದ ಊರಿನವರು ಹಾಸ್ಟೆಲ್ ಬಗ್ಗೆ ನನ್ನ ಹತ್ತಿರ ಬಂದು ಮಾತಾಡಿ. ಒಂದು ವಿಷಯದಲ್ಲಿ ಅಂಕ ಹೋಯಿತು ಅಂದ ತಕ್ಷಣ ಗಂಡು ಹುಡುಕುವ ಮಾತು ಎತ್ತಬೇಡಿ. 18 ತುಂಬುವ ಮೊದಲು ಮದುವೆ ಕಾನೂನಿಗೆ ವಿರುದ್ಧ, ಅದು ನಿಮಗೆ ಗೊತ್ತು. ನನಗೆ ಸಂಕಟ ಆಗುವುದು ಇನ್ನೊಂದಕ್ಕೆ. ಒಂದು ಬೇಸರದ ಸಂಜೆ ಆಡಿದ ಮಾತು ಆ ಹುಡುಗಿಯ ಮುಂದಿನ ಐವತ್ತು ವರ್ಷ ಆಗಿಬಿಡುತ್ತದೆ.

ಮಗು ತೀರಾ ಮೌನವಾಗಿದ್ದರೆ, ಊಟ ಬಿಟ್ಟರೆ, "ನಾನು ಇರಲೇಬಾರದಿತ್ತು" ಅನ್ನುವಂಥ ಮಾತು ಒಮ್ಮೆ ಬಂದರೂ ಅದನ್ನು ಸಿಟ್ಟು ಅಂತ ತಳ್ಳಿಹಾಕಬೇಡಿ. ಪಕ್ಕದಲ್ಲೇ ಇರಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ. ಮಕ್ಕಳ ಸಹಾಯವಾಣಿ 1098. ನನಗೂ ಫೋನ್ ಮಾಡಿ, ಹೊತ್ತು ನೋಡಬೇಡಿ.

ಮುಂದಿನ ಶನಿವಾರ ತರಗತಿ ಮುಗಿದ ಮೇಲೆ, ಬೆಳಿಗ್ಗೆ 11:30ಕ್ಕೆ, ಹತ್ತನೇ ತರಗತಿ ಪೋಷಕರ ಸಭೆ ಇದೆ. ಅಪ್ಪ ಅಮ್ಮ ಇಬ್ಬರೂ ಬಂದರೆ ಒಳ್ಳೆಯದು. ಅಂಕಗಳ ಬಗ್ಗೆ ಎಲ್ಲರ ಮುಂದೆ ಮಾತಾಡುವುದಿಲ್ಲ, ಆ ಹೆದರಿಕೆ ಬೇಡ. ಒಂದೊಂದು ಮನೆಯವರ ಜೊತೆ ಕಾಲು ಗಂಟೆ ಕೂರುತ್ತೇವೆ. ಬರುವಾಗ ಎರಡು ವಿಷಯ ಯೋಚಿಸಿಕೊಂಡು ಬನ್ನಿ. ನಿಮ್ಮ ಮಗು ಯಾರೂ ಹೇಳದೆ ತಾನಾಗಿಯೇ ಮಾಡುವ ಕೆಲಸ ಯಾವುದು? ಮುಂದಿನ ಎರಡು ವರ್ಷ ಓದಿಗೆ ಅಂತ ವರ್ಷಕ್ಕೆ ಎಷ್ಟು ದುಡ್ಡು ಹೊಂದಿಸಬಹುದು? ಎರಡನೆಯದನ್ನು ಹೇಳಲು ಸಂಕೋಚ ಬೇಡ. ಅದು ಗೊತ್ತಿದ್ದರೆ ಹಾಸ್ಟೆಲ್, ಸ್ಕಾಲರ್‌ಶಿಪ್ ಅರ್ಜಿಗಳನ್ನು ಸರಿಯಾದ ಹೊತ್ತಿಗೆ ಹಾಕಿಸಬಹುದು.

ಮಕ್ಕಳು ಶನಿವಾರ ಬರೆಯುವ ಪುಸ್ತಕವನ್ನು ಇನ್ನು ಮೇಲೆ ಮನೆಗೆ ತರುತ್ತಾರೆ. ಅದರ ಮೇಲೆ "ನಾಳೆ" ಅಂತ ಬರೆದಿರುತ್ತದೆ. ಮಗು ತಾನೇ ತಂದು ಕೊಟ್ಟರೆ ಮಾತ್ರ ಓದಿ. ಕೊಡದಿದ್ದರೆ ಬ್ಯಾಗಿನಿಂದ ತೆಗೆಯಬೇಡಿ.

ನಿಮ್ಮ ಮಕ್ಕಳ
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ, ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ